ನಾನು ಹೋಗದ ಸಮೋರಾಕ್ಕೆ ದಾರಿ

ಅನ್ವಿತಾ, ಶ್ರೇಯಸ್, ಹೋಗದ ಊರಿಗೆ ದಾರಿ ಕೇಳಬಾರದು ಎಂದು ದೊಡ್ಡವರು ಹೇಳುತ್ತಾರೆ. ಆದರೆ ಹೋಗದ ಊರಿಗೆ ದಾರಿ ಹೇಳಬಾರದು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಧೈರ್ಯದಿಂದಲೇ ಬರೆಯಲು ಕೂತಿದ್ದೇನೆ. ಸ್ಪೇನ್ ದೇಶದಲ್ಲಿ ಸಮೋರಾ ಎಂಬ ಒಂದು ಊರುಂಟು. ನಾನು ಅಲ್ಲಿಗೆ ಹೋದವಳಲ್ಲ. ನೀವೂ ಹೋಗಿಲ್ಲ. ನೀವು ಹೋಗದೆ ಇರುವುದಕ್ಕೆ ಕಾರಣ ನಾನು. ಇದನ್ನು ಬಾಯಲ್ಲಿ ಹೇಳುವ ಶಕ್ತಿ ನನಗಿಲ್ಲ. ಶಾಲೆಗೆ ಇನ್ಸ್‌ಪೆಕ್ಟರು ಬಂದು ಹೆಸರು ಕೇಳಿದಾಗ ನನ್ನ ಹೆಸರನ್ನು ಪಕ್ಕದವಳ ಕೈಯಲ್ಲಿ ಹೇಳಿಸಿದವಳು ನಾನು. ಕಾಗದದ ಮೇಲಾದರೆ ಪರವಾಗಿಲ್ಲ, ಕಾಗದ ಮುಖ ನೋಡುವುದಿಲ್ಲ.

ನನಗೆ ಅನುಮಾನ ಸ್ವಲ್ಪ ಜಾಸ್ತಿ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಪ್ಪ ನನ್ನನ್ನು ಅಬುಧಾಬಿಗೆ ಕರೆದುಕೊಂಡು ಬಂದ ಮೊದಲ ವಾರವೇ ಅದು ಎಲ್ಲರಿಗೂ ಗೊತ್ತಾಯಿತು. ಇಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯಲು ಕೊಡುತ್ತಾರೆ ಎಂದಾಗ, ತೆಗೆದ ಉಪ್ಪನ್ನು ಎಲ್ಲಿಡುತ್ತಾರೆ ಎಂದು ಕೇಳಿದೆ. ನಿಮ್ಮ ಅಪ್ಪನ ಉದ್ಯೋಗವೇ ಅದು. ಆದರೂ ಅವನು ಹಣೆ ಚಚ್ಚಿಕೊಂಡು ಎದ್ದು ಹೋದ. ಆಮೇಲೆ ಎರಡು ದಿನ ನಾನು ನೀರನ್ನು ರುಚಿ ನೋಡಿ ನೋಡಿ ಕುಡಿದೆ. ಬರ್ ದುಬೈಗೆ ದೇವಸ್ಥಾನಕ್ಕೆಂದು ಹೋದಾಗಲೆಲ್ಲ ಅಬ್ರಾ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಬರೋಣ ಎಂದು ನೀವು ಕುಣಿಯುತ್ತಿದ್ದಿರಿ. ಹಿಡಿದುಕೊಳ್ಳಲು ಬದಿಯೇ ಇಲ್ಲದ ದೋಣಿ ಅದು. ನಾನು ಬೇಡವೆಂದೆ. ಸಮುದ್ರ ತೀರಕ್ಕೆ ಬೇಡ, ಮರಳುಗಾಡಿಗೆ ಬೇಡ, ಹೋಟೆಲಿನ ಊಟ ಬೇಡ. ಏನು ಎತ್ತ ಎಂದು ಕೇಳುವ ಮೊದಲೇ ‘ಬೇಡ’ ಎಂದುಬಿಡುವುದು ನನ್ನ ಅಭ್ಯಾಸ.

ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಚಿಡುವಾಗ ನಿಮ್ಮ ಅಮ್ಮನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ, ಪೇಪರಿನಲ್ಲಿ ಸುತ್ತಿದ ಪುಸ್ತಕವೊಂದು ಕೈಗೆ ತಾಗಿತು. ಸೀರೆಯ ಅಡಿಯಲ್ಲಿ ಪುಸ್ತಕ ಇಡುವವರು ಯಾರು? ಬಿಚ್ಚಿ ನೋಡಿದೆ. ಸಮೋರಾಕ್ಕೂ ಅದರ ಸುತ್ತಮುತ್ತಲಿಗೂ ಹೋಗುವವರಿಗೆ ಬರೆದ ಇಂಗ್ಲಿಷ್ ಪುಸ್ತಕ. ಮೇಲೆ ಒಂದು ನದಿ, ಕಲ್ಲಿನ ಸೇತುವೆ, ಇಗರ್ಜಿಯ, ಅಂದರೆ ಚರ್ಚಿನ, ಗೋಪುರದ ತುದಿಯಲ್ಲಿ ಗೂಡು ಕಟ್ಟಿ ನಿಂತ ಉದ್ದ ಕಾಲಿನ ಹಕ್ಕಿ. ಆ ಹಕ್ಕಿಯನ್ನು ಎಲ್ಲೋ ನೋಡಿದ ಹಾಗಾಯಿತು, ನೆನಪಾಗಲಿಲ್ಲ. ಒಳಗೆ ಅಲ್ಲಲ್ಲಿ ಪೆನ್ಸಿಲ್ ಗೆರೆ. ಉಳಿದುಕೊಳ್ಳುವ ಮನೆಗಳ ಪುಟದಲ್ಲಿ ನಿಮ್ಮ ಅಮ್ಮನ ಅಕ್ಷರದಲ್ಲಿ ‘4 + 1’ ಎಂದಿತ್ತು. ನಾಲ್ಕು ಯಾರೆಂದು ನನಗೆ ಗೊತ್ತು. ಆ ಒಂದು ಯಾರೆಂದೂ ಗೊತ್ತು. ನಡುವೆ ಕೂಡಿಸುವ ಗುರುತು ಇದ್ದರೂ ನನ್ನ ಕಣ್ಣಿಗೆ ಅದು ಕಳೆಯುವ ಲೆಕ್ಕದ ಹಾಗೆಯೇ ಕಂಡಿತು.

ಆಗ ನೆನಪಾದದ್ದು ನಿಮ್ಮ ಅಪ್ಪನ ಆಫೀಸಿನ ಸ್ಪೇನಿನವರೊಬ್ಬರು. ಹಿಂದೊಮ್ಮೆ ಊಟಕ್ಕೆ ಬಂದು, ನನ್ನ ನೀರ್ ದೋಸೆಯನ್ನು ಕರವಸ್ತ್ರದ ಹಾಗೆ ಮಡಚಿ ಮಡಚಿ ಹನ್ನೊಂದು ತಿಂದು ಹೋದವರು. ಇವರೇ ಅಲ್ಲಿ ನಿಮ್ಮ ಅಪ್ಪನಿಗೊಂದು ಕೆಲಸ ನೋಡಿದ್ದಾರೆ, ನಾಲ್ವರೂ ಅಲ್ಲಿಗೆ, ನಾನು ಊರಿಗೆ, ನನ್ನ ತಮ್ಮನ ಮನೆಗೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ! ಹನ್ನೊಂದು ದೋಸೆ ತಿಂದವರನ್ನು ನಂಬಬಾರದಿತ್ತು.

ಅದೇ ವಾರ ನಿಮ್ಮ ಅಪ್ಪ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ. ನಮ್ಮ ಖಲೀಫಾ ಸಿಟಿಯ ವಿಲ್ಲಾದ ಕೆಳಗಿನ ಭಾಗದಲ್ಲಿ ಸಿಸಿಲಿಬಾಯಿ ಇದ್ದರಲ್ಲ, ನರ್ಸ್ ಮಗಳ ಜೊತೆಗಿದ್ದವರು, ಅವರಿಗೆ ಹೇಳಿದೆ.

“ಬಿಳಿ ಪರದೆ ಎದುರು ತೆಗೆದದ್ದಾ?” ಎಂದು ಕೇಳಿದರು.

“ಹೌದು. ಕಿವಿ ಕಾಣಬೇಕಂತೆ.”

“ಕಿವಿಯೂ ಕಾಣಬೇಕಾ! ಹಾಗಾದರೆ ಅದು ವೀಸಾದ್ದೇ ಮಾರಾಯ್ರೆ. ನಿಮ್ಮದು ರಿನ್ಯೂ ಆಗಿ ಮೂರು ತಿಂಗಳಾಗಲಿಲ್ಲ. ಈಗ ಎಂತಕ್ಕೆ ಫೋಟೋ? ಕ್ಯಾನ್ಸಲ್ ಮಾಡ್ಲಿಕ್ಕೇ.” ಎರಡೂ ಕೈ ಕೊಡವಿ, “ಖಲಾಸ್!” ಎಂದರು.

ಸಿಸಿಲಿಬಾಯಿ ಕೆಟ್ಟವರಲ್ಲ. ಆದರೆ ಬೇರೆಯವರ ಮನೆಯ ಕೆಟ್ಟ ಸುದ್ದಿ ಮೊದಲು ತನಗೇ ತಿಳಿದರೆ ಅವರಿಗೆ ಒಂದು ಸಮಾಧಾನ. ಈ ದೇಶದಲ್ಲಿ ನನ್ನಂಥವಳ ವೀಸಾ ಮಗನ ಹೆಸರಿಗೆ ಹೊಲಿದದ್ದು. ಅವನು ದಾರ ಎಳೆದರೆ ಹೊಲಿಗೆ ಬಿಚ್ಚಿಹೋಗುತ್ತದೆ. ಬಸ್ಸಿನಿಂದ ಇಳಿದು ಬ್ಯಾಗನ್ನು ನನ್ನ ಮಡಿಲಿಗೆ ಎಸೆಯುವ ನಿಮ್ಮನ್ನು ಬಿಟ್ಟು ನಾನು ಊರಿನಲ್ಲಿ ಏನು ಮಾಡಲಿ? ಕೇಳಲು ಬಾಯಿ ಬರಲಿಲ್ಲ. ಕೇಳಿ, ಹೌದು ಎಂದುಬಿಟ್ಟರೆ?

ಕೇಳುವ ಬದಲು ನಾನು ಆ ಪುಸ್ತಕ ಓದಲು ಶುರುಮಾಡಿದೆ. ಶತ್ರುವಿನ ಬಲ ಎಷ್ಟು ಎಂದು ತಿಳಿಯಬೇಕಲ್ಲ. ನನ್ನದು ಮೂರು ವರ್ಷದ ಇಂಗ್ಲಿಷ್. ಅನ್ವಿತಾಳ ಹಳೆಯ ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಒಂದು ಪುಟ. ನೀವು ಬರುವ ಹೊತ್ತಿಗೆ ಪುಸ್ತಕ ಸೀರೆಯ ಅಡಿಗೆ. ತೀರಾ ಸಿಕ್ಕಿಹಾಕಿಕೊಂಡಾಗ ಒಂದೊಂದು ಮಾತು ನಿಮ್ಮನ್ನೇ ಕೇಳುತ್ತಿದ್ದೆ.

“ಶ್ರೇಯಸ್, ‘ಸೀಜ್’ ಅಂದರೆ ಎಂತ ಮಗಾ?”

“ಯಾರನ್ನೂ ಹೊರಗೆ ಹೋಗ್ಲಿಕ್ಕೆ ಬಿಡದೆ ಸುತ್ತ ನಿಲ್ಲುವುದು. ವೈ, ಅಜ್ಜಿ?”

“ಸುಮ್ಮನೆ.”

ಇಂಥ ಪುಸ್ತಕ ಓದುವ ಕ್ರಮ ನನಗೆ ಮೊದಲೇ ಗೊತ್ತಿತ್ತು. ನಮ್ಮ ಊರಿನಲ್ಲೊಬ್ಬ ಮದುವೆ ದಲ್ಲಾಳಿ ಇದ್ದ. ಅವನ ಮಾತಿನಲ್ಲಿ ಸುಳ್ಳು ಇರುತ್ತಿರಲಿಲ್ಲ, ಬಿಟ್ಟ ಮಾತು ಇರುತ್ತಿತ್ತು. ‘ಮನೆ ಪೇಟೆಗೆ ಹತ್ತಿರ’ ಎಂದರೆ ನಡುವೆ ಹೊಳೆ ಇದೆ ಎಂದರ್ಥ. ‘ಹುಡುಗನಿಗೆ ಯಾವ ಕೆಟ್ಟ ಅಭ್ಯಾಸವೂ ಇಲ್ಲ’ ಎಂದರೆ ಕೆಲಸಕ್ಕೆ ಹೋಗುವ ಅಭ್ಯಾಸವೂ ಇಲ್ಲ. ನಿಮ್ಮ ಅಜ್ಜನನ್ನು ಮಾತ್ರ ‘ಮಾತು ಕಡಿಮೆ’ ಎಂದಿದ್ದ, ಅದು ಪೂರ್ತಿ ನಿಜವಾಯಿತು. ಮೂವತ್ತೆಂಟು ವರ್ಷ ನಾವಿಬ್ಬರೂ ಮಾತಾಡದೆಯೇ ಚೆನ್ನಾಗಿದ್ದೆವು. ಹಾಗೆ ಈ ಪುಸ್ತಕ ಶುರುವಾಗುವುದೇ ‘ಹೆಚ್ಚು ಜನಕ್ಕೆ ಗೊತ್ತಿಲ್ಲದ ಚೆಲುವಿನ ಊರು’ ಎಂದು. ಅಷ್ಟು ಚೆಲುವಿದ್ದರೆ ಯಾಕೆ ಗೊತ್ತಿಲ್ಲ? ‘ಎಲ್ಲವನ್ನೂ ನಡೆದೇ ನೋಡಬಹುದು’ ಅಂತೆ. ಬಸ್ಸು ಕಡಿಮೆ ಇರಬೇಕು. ‘ಸಂಜೆ ಹಿತವಾದ ತಂಪು’ ಎಂದಿದೆ. ನೀವು ಹೋಗುವುದಾದರೆ ಎರಡು ಸ್ವೆಟರ್ ಹಾಕಿಕೊಳ್ಳಿ.

ಡುವೆರೊ ಎಂಬ ನದಿಯ ಮೇಲಿನ ಬಂಡೆ ದಿಬ್ಬದಲ್ಲಿ ಊರು. ನೀವು ಸೇತುವೆ ದಾಟಿಯೇ ಹೋಗಬೇಕು, ಆಗಲೇ ಪೂರ್ತಿ ಕಾಣುವುದು. ದೊಡ್ಡ ಇಗರ್ಜಿಯ ಗುಮ್ಮಟಕ್ಕೆ ಮೀನಿನ ಮೈಯ ಹುರುಪೆಯ ಹಾಗೆ ಕಲ್ಲು ಜೋಡಿಸಿದ್ದಾರೆ. ಚಿತ್ರ ನೋಡಿದ ಕೂಡಲೇ ನನಗೆ ಕತ್ತಿ ತೆಗೆದುಕೊಂಡು ಹೆರೆಯಬೇಕು ಅನ್ನಿಸಿತು. ಕೆಳಗೆ ನೀರಿನ ಬಲದಿಂದ ಹಿಟ್ಟು ಬೀಸುತ್ತಿದ್ದ ಹಳೆಯ ಗಿರಣಿಗಳುಂಟು. ಸಂತೆಯಲ್ಲಿ ಒಂದು ಮೀನು ತನಗೆ ಬೇಕು, ತನಗೆ ಬೇಕು ಎಂದು ಇಬ್ಬರು ಜಗಳವಾಡಿ, ಅದು ಬೆಳೆದು ಬೆಳೆದು ಒಂದು ಇಗರ್ಜಿಯೇ ಸುಟ್ಟುಹೋಯಿತಂತೆ. ಇದೊಂದು ಕಥೆಯನ್ನು ನಾನು ಅನುಮಾನವಿಲ್ಲದೆ ನಂಬಿದೆ. ಮಳೆಗಾಲದಲ್ಲಿ ನಮ್ಮ ಮೀನು ಮಾರ್ಕೆಟ್ ನೋಡಿದವರು ಯಾರಾದರೂ ನಂಬುತ್ತಾರೆ. ಊಟವಾದ ಮೇಲೆ ಅಂಗಡಿ ಮುಚ್ಚಿ ಮಲಗುತ್ತಾರಂತೆ. ಉಂಡು ಮಲಗುವವರು ಅಷ್ಟೇನೂ ಕೆಟ್ಟವರಿರಲಾರರು ಅನ್ನಿಸಿತು. ಹತ್ತಿರದ ಹಳ್ಳಿಯೊಂದರ ಕಡಲೆಗೆ ಬಹಳ ಹೆಸರು, ಹಿಂದಿನ ದಿನವೇ ನೆನೆಹಾಕಬೇಕು. ದೂರದಲ್ಲೊಂದು ಸರೋವರ, ಅದರ ತಳದಲ್ಲಿ ಮುಳುಗಿದ ಊರು, ವರ್ಷಕ್ಕೊಮ್ಮೆ ಅದರ ಗಂಟೆ ಕೇಳುತ್ತದಂತೆ. ಆದರೆ ಪುಣ್ಯವಂತರಿಗೆ ಮಾತ್ರ. ಇಂಥ ಷರತ್ತು ಹಾಕಿದರೆ ಕೇಳಲಿಲ್ಲ ಎನ್ನುವ ಧೈರ್ಯ ಯಾರಿಗೆ ಬರುತ್ತದೆ?

“ಅಷ್ಟು ಸಣ್ಣ ಊರಿಗೆ ಇಪ್ಪತ್ತಕ್ಕಿಂತ ಹೆಚ್ಚು ಇಗರ್ಜಿ ಯಾಕೆ ಸಿಸಿಲಿಬಾಯಿ? ಅಷ್ಟು ಪಾಪ ಎಂತ ಮಾಡಿದ್ದಾರೆ ಅವರು?” ಎಂದು ಕೇಳಿದ್ದೆ.

“ನಿಮ್ಮ ಊರಿನಲ್ಲಿ ದೈವಸ್ಥಾನ ಎಷ್ಟುಂಟು, ಎಣಿಸಿದ್ದೀರಾ?” ಎಂದರು. ನಾನು ಮಾತು ಬದಲಿಸಿದೆ.

ಒಂದು ಪುಟ ತೆಗೆದಾಗ ಮಾತ್ರ ಪುಸ್ತಕ ಕೈಯಿಂದ ಬಿತ್ತು. ತುದಿ ಚೂಪಾದ ಉದ್ದ ಟೊಪ್ಪಿ, ಮುಖ ಪೂರ್ತಿ ಮುಚ್ಚಿ, ಕಣ್ಣಿಗೆ ಎರಡೇ ತೂತು, ಅಂಥವರ ಮೆರವಣಿಗೆ. ಯೇಸುವಿನ ಕಷ್ಟ ನೆನೆಯುವ ವಾರದಲ್ಲಿ, ಮಾಡಿದ ಪಾಪಕ್ಕೆ ಪಶ್ಚಾತ್ತಾಪ ಪಡುವವರು ಹೀಗೆ ಗುರುತು ಸಿಗದಂತೆ ನಡೆಯುತ್ತಾರೆ ಎಂದು ಸಿಸಿಲಿಬಾಯಿ ಬಿಡಿಸಿ ಹೇಳಿದರು. ಪಾಪ ಮಾಡಿದವರಿಗೆ ಮುಖ ಮುಚ್ಚಿಕೊಳ್ಳಲು ಊರೇ ಅನುಕೂಲ ಮಾಡಿಕೊಡುವುದು ನನಗೆ ಆಗ ವಿಚಿತ್ರವಾಗಿ ಕಂಡಿತ್ತು. ಇನ್ನೊಂದು, ಕೋಟೆ ಗೋಡೆಯ ಒಂದು ಕಿರುಬಾಗಿಲು. ಹಿಂದೆ ಊರಿಗೆ ಮುತ್ತಿಗೆ ಹಾಕಿದ ರಾಜನನ್ನು ಒಬ್ಬ ಮೋಸದಿಂದ ಕೊಂದು, ಓಡಿಬಂದು ಒಳಗೆ ನುಗ್ಗಿದ್ದು ಅದರಿಂದಂತೆ. ಬಹಳ ಕಾಲ ಅದಕ್ಕೆ ದ್ರೋಹದ ಬಾಗಿಲು ಎಂದು ಹೆಸರು. ಈಗ ಊರಿನವರು ಅದನ್ನೇ ನಿಷ್ಠೆಯ ಬಾಗಿಲು ಎಂದು ಕರೆಯುತ್ತಾರೆ. ಹೆಸರು ಬದಲಿಸಿದರೆ ಬಾಗಿಲು ಬದಲಾಗುತ್ತದೆಯೇ ಎಂದು ನಾನು ಮೂಗು ಮುರಿದೆ.

ಇದರ ಮಧ್ಯೆ ಒಂದು ದಿನ ನಿಮ್ಮ ಅಮ್ಮ ಫೋನಿನಲ್ಲಿ, “ಮಾಮಿಗೆ ಈಗಲೇ ಹೇಳುವುದು ಬೇಡ, ಹೇಳಿದರೆ ಸುಮ್ಮನೆ ರಗಳೆ” ಎನ್ನುವುದು ಕೇಳಿಸಿತು. ತುಳುವಿನಲ್ಲಿ ಮಾಮಿ ಎಂದರೆ ಅತ್ತೆ. ಅಂದರೆ ನಾನೇ. ಆ ಸಂಜೆ ನಿಮ್ಮ ಅಪ್ಪ ಬಂದು, “ಅಮ್ಮ, ನಿನ್ನ ಪಾಸ್‌ಪೋರ್ಟ್ ತೆಗೆದಿಡು. ನಾಳೆ ಬೇಕು” ಎಂದ.

“ಎಂತಕ್ಕೆ?”

“ಒಂದು ಕೆಲಸ ಉಂಟು. ನೀನೂ ಬರಬೇಕು” ಎಂದು ಆ ಕಡೆ ತಿರುಗಿದ. ನಕ್ಕನೋ ಏನೋ. ನನಗೆ ಅದು ಅಪರಾಧಿ ಮುಖ ತಿರುಗಿಸಿದ ಹಾಗೆ ಕಂಡಿತು.

ಪಾಸ್‌ಪೋರ್ಟ್ ಇಲ್ಲದೆ ಯಾರೂ ಯಾರನ್ನೂ ಕಳಿಸಲಾರರು ಎಂಬಷ್ಟು ಜ್ಞಾನ ನನಗಿತ್ತು. ನನ್ನ ಬಟ್ಟೆಯ ಚೀಲದಿಂದ ಅದನ್ನು ತೆಗೆದು, ಅಡುಗೆಮನೆಯ ಕುಚ್ಚಲಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಲ್ಲಿ ಹೂತಿಟ್ಟೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ನಡೆದ ಹುಡುಕಾಟ ನಿಮಗೆ ನೆನಪಿರಬಹುದು. ಹಾಸಿಗೆ ಎತ್ತಿದರು, ಸೋಫಾ ಎಳೆದರು, ಶ್ರೇಯಸ್ ಫ್ರಿಜ್ಜಿನೊಳಗೂ ನೋಡಿದ. ಎಲ್ಲರಿಗಿಂತ ಜೋರಾಗಿ ಹುಡುಕಿದವಳು ನಾನು. ದೇವರ ಫೋಟೋ ಹಿಂದೆ ಕೂಡ ಇಣುಕಿದೆ. ದೇವರ ಕಣ್ಣನ್ನು ಮಾತ್ರ ನೋಡಲಿಲ್ಲ.

ಒಂಬತ್ತೂವರೆಗೆ ನಿಮ್ಮ ಅಪ್ಪ ಸೋತು ನೆಲದ ಮೇಲೆ ಕೂತ. “ಅಮ್ಮ, ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಹನ್ನೊಂದು ಗಂಟೆಗೆ ಸ್ಪೇನಿನ ವೀಸಾಕ್ಕೆ ಹೋಗಲಿಕ್ಕಿತ್ತು. ಮಕ್ಕಳ ರಜೆಗೆ ನಾವು ಐದೂ ಜನ. ನನ್ನ ಆಫೀಸಿನವರು ಅವತ್ತು ಊಟಕ್ಕೆ ಬಂದಾಗ ಮೊಬೈಲಿನಲ್ಲಿ ಅವರ ಊರು ತೋರಿಸಿದರಲ್ಲ, ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ‘ಆ ಹಕ್ಕಿಯನ್ನು ಒಮ್ಮೆ ನೋಡಬೇಕಿತ್ತು’ ಅಂದಿ. ಇಲ್ಲಿಗೆ ಬಂದ ಮೇಲೆ ನೀನು ಬೇಕು ಅಂದದ್ದು ಅದೊಂದೇ.”

“ಮೊದಲೇ ಹೇಳಿದರೆ ಮಾಮಿ ಬೇಡ ಅಂತಾರೆ ಅಂತ ನಾನೇ ಹೇಳಿದ್ದು, ಕೊನೆಗೆ ಹೇಳುವ ಅಂತ” ಎಂದು ನಿಮ್ಮ ಅಮ್ಮ ವಿನಯಾ ಅಳುವ ಹಾಗಾದಳು. “ಅಲ್ಲಿ ಉಳಿಯಲಿಕ್ಕೆ ಸಿಗುವುದು ನಾಲ್ಕು ಜನದ ಮನೆ. ಒಂದು ಮಂಚ ಹೆಚ್ಚು ಹಾಕಿಸಿಕೊಳ್ಳುವುದಂತಲೂ ನೋಡಿಟ್ಟಿದ್ದೆ.”

ಮಕ್ಕಳೇ, ಗಂಟೆ ಒಂಬತ್ತೂವರೆ. ಡಬ್ಬಿ ನನ್ನಿಂದ ಹತ್ತು ಹೆಜ್ಜೆ. ಹೋಗಿ ಕೈ ಹಾಕಿದ್ದರೆ ಹನ್ನೊಂದಕ್ಕೆ ಧಾರಾಳವಾಗಿ ಮುಟ್ಟುತ್ತಿದ್ದೆವು. ಆದರೆ ಅಕ್ಕಿಯೊಳಗಿಂದ ಪಾಸ್‌ಪೋರ್ಟಿನ ಜೊತೆಗೆ ಮಗನ ಮೇಲಿನ ನನ್ನ ಅನುಮಾನವೂ ಎಲ್ಲರೆದುರು ಹೊರಗೆ ಬರುತ್ತಿತ್ತು. ನನ್ನನ್ನು ಬಿಟ್ಟುಹೋಗುತ್ತಾನೆ ಎಂದು ತಾಯಿಯೇ ನಂಬಿದ್ದಳು ಎಂಬುದನ್ನು ಆ ನೆಲದ ಮೇಲೆ ಕೂತವನಿಗೆ ಹೇಗೆ ತೋರಿಸಲಿ? ಸಮೋರಾದವರ ಆ ಉದ್ದ ಟೊಪ್ಪಿ ಒಂದು ಸಿಕ್ಕಿದ್ದರೆ ಹಾಕಿಕೊಂಡು ಹೋಗಿ ತೆಗೆದು ತರುತ್ತಿದ್ದೆ.

“ನಾವು ನಾಲ್ಕು ಜನರಾದರೂ ಹೋಗುವನಾ?” ಎಂದ ನಿಮ್ಮ ಅಪ್ಪ.

“ಮಾಮಿಯನ್ನು ಬಿಟ್ಟು ಹಕ್ಕಿ ನೋಡಲಿಕ್ಕೆ ಯಾರು ಹೋಗ್ತಾರೆ!” ಎಂದಳು ನಿಮ್ಮ ಅಮ್ಮ. ಗಂಟೆ ಹನ್ನೊಂದಾಯಿತು. ಮತ್ತೆ ಸಮಯ ಸಿಗುವುದು ನಿಮ್ಮ ರಜೆ ಮುಗಿದ ಮೇಲೆ ಎಂದು ಗೊತ್ತಾಯಿತು. ಅನ್ವಿತಾ ಕೋಣೆ ಬಾಗಿಲು ಹಾಕಿಕೊಂಡಳು. ಆ ಬಾಗಿಲಿನ ಸದ್ದು ನನಗೆ ಇನ್ನೂ ಕೇಳುತ್ತದೆ.

ಆ ರಜೆಯಲ್ಲಿ ಬರ್ ದುಬೈಗೆ ಹೊರಟಾಗ ನಾನು ಯಾವ ಪ್ರಶ್ನೆಯೂ ಕೇಳದೆ ಅಬ್ರಾ ಹತ್ತಿದೆ. ಹತ್ತಿ, ಶ್ರೇಯಸ್ಸಿನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡು, “ಇದು ಡುವೆರೊ ನದಿ ಅಂತ ತಿಳಿದುಕೊಳ್ಳಿ, ಆಚೆ ದಡದಲ್ಲಿ ಗಿರಣಿ” ಎಂದು ಶುರುಮಾಡಿದವಳು ಇಳಿಯುವವರೆಗೆ ನಿಲ್ಲಿಸಲಿಲ್ಲ. ನೀವಿಬ್ಬರೂ ಬಾಯಿ ಬಿಟ್ಟು ಕೇಳಿದಿರಿ. ಇದೆಲ್ಲ ಅಜ್ಜಿಗೆ ಹೇಗೆ ಗೊತ್ತು ಎಂದು ನಿಮ್ಮ ಅಮ್ಮ ಕೇಳಲಿಲ್ಲ. ಕೇಳಬೇಕಿತ್ತಲ್ಲ, ಯಾಕೆ ಕೇಳಲಿಲ್ಲ ಎಂದು ನನಗೆ ಆಗಲೇ ಅನುಮಾನ ಬಂತು.

ಅದಕ್ಕಿಂತ ನಾಲ್ಕು ದಿನ ಮೊದಲು ನಾನು ಪಾಸ್‌ಪೋರ್ಟನ್ನು ಹೊಲಿಗೆ ಪೆಟ್ಟಿಗೆಯ ಹಿಂದೆ ‘ಹುಡುಕಿ’ ಕೊಟ್ಟಿದ್ದೆ. ವಿನಯಾ ತೆರೆದು ನೋಡಿದಳು. ಎರಡು ಪುಟಗಳ ನಡುವೆ ಕೆಂಪು ಗೆರೆಯ ಒಂದು ಅಕ್ಕಿ ಕಾಳು. ಬೆರಳಿನಿಂದ ಮೆಲ್ಲನೆ ಎತ್ತಿ, ಅಡುಗೆಮನೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು ಅದನ್ನು ಅದರ ಜಾಗಕ್ಕೆ ಹಾಕಿದಳು. “ಸಿಕ್ಕಿತಲ್ಲ ಮಾಮಿ, ಸಾಕು” ಎಂದಳು. ಅಷ್ಟೇ. ನಿಮ್ಮ ಅಪ್ಪನಿಗೆ ಇವತ್ತಿನವರೆಗೂ ಗೊತ್ತಿಲ್ಲ. ದ್ರೋಹದ ಬಾಗಿಲಿಗೆ ನಿಷ್ಠೆಯ ಬಾಗಿಲು ಎಂದು ಹೆಸರಿಡುವವರು ಸ್ಪೇನಿನಲ್ಲಿ ಮಾತ್ರ ಇರುವುದಲ್ಲ, ನಮ್ಮ ಅಡುಗೆಮನೆಯಲ್ಲೂ ಇದ್ದಾರೆ.

ದೊಡ್ಡವರಾದ ಮೇಲೆ ನೀವು ಸಮೋರಾಕ್ಕೆ ಹೋಗಿ. ಹಕ್ಕಿಯನ್ನು ನೋಡಿ, ಅಜ್ಜಿ ಕೇಳಿದ್ದಾಳೆ ಎನ್ನಿ. ಸರೋವರದ ಗಂಟೆ ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದೇ ಹೇಳಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎಲ್ಲಾದರೂ ಇಡಿ, ಅಕ್ಕಿ ಡಬ್ಬಿಯಲ್ಲಿ ಮಾತ್ರ ಬೇಡ. ಆ ಜಾಗ ನಿಮ್ಮ ಅಮ್ಮನಿಗೆ ಗೊತ್ತು.