ವೇಗಸ್ಸಿನಲ್ಲಿ ಕೂತ ವಸಂತಿ

ಮುಂಬಯಿಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ, ಕೂತವರನ್ನು ಏಳಿಸುವುದು ಇನ್ನೂ ಕಷ್ಟ. ಲೋಕಲ್ ಟ್ರೇನಿನಲ್ಲಾದರೆ ಇದಕ್ಕೊಂದು ನೇರ ದಾರಿಯಿದೆ. ಕೂತವನ ಮುಂದೆ ನಿಂತು "ಕಿಧರ್ ಉತರೇಗಾ?", ಎಲ್ಲಿ ಇಳಿಯುತ್ತೀ, ಎಂದು ಕೇಳಿಬಿಟ್ಟರೆ ಆ ಸೀಟು ನಮ್ಮ ಹೆಸರಿಗೆ ಬರೆದಂತೆಯೇ. ಹೋಟೆಲಿನಲ್ಲಿ ಹಾಗೆ ಕೇಳಲಾಗುವುದಿಲ್ಲ. ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ ನನ್ನದೊಂದು ಸಣ್ಣ ಹೋಟೆಲಿದೆ. ಮಧ್ಯಾಹ್ನದ ಹೊತ್ತು ಅಲ್ಲಿ ಒಬ್ಬ ಉಣ್ಣುತ್ತಿದ್ದರೆ ಇನ್ನೊಬ್ಬ ಅವನ ಕುರ್ಚಿಯ ಹಿಂದೆ ನಿಂತು ತುತ್ತು ಎಣಿಸುತ್ತಿರುತ್ತಾನೆ. ಇಂಥದ್ದರಲ್ಲಿ ಊಟ ಮುಗಿಸಿ, ಹಲ್ಲುಕಡ್ಡಿ ಹಿಡಿದು, ತನ್ನ ಸೊಸೈಟಿಯ ಜಗಳ ಹೇಳಲು ಶುರುಮಾಡುವ ಗಿರಾಕಿಯನ್ನು ಅವನಿಗೆ ಬೇಸರವಾಗದಂತೆ ಎಬ್ಬಿಸಬೇಕು. ಕೇಳದೆಯೇ ಬಿಲ್ಲು ತಂದಿಡುವುದು, ಅವನ ಮೊಣಕೈಯ ಸುತ್ತ ಮೇಜು ಒರೆಸುವುದು, ಫ್ಯಾನಿನ ವೇಗ ತುಸು ಇಳಿಸುವುದು. ಉಡುಪಿಯಿಂದ ಬಂದು ಗಲ್ಲಾಪೆಟ್ಟಿಗೆಯ ಹಿಂದೆ ತಲೆ ನರೆಸಿಕೊಂಡ ನನಗೆ, ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬವಿತ್ತು. ಆ ಜಂಬ ಇಳಿದದ್ದು ಲಾಸ್ ವೇಗಸ್ಸಿನಲ್ಲಿ.

ಅಲ್ಲಿಗೆ ನಾವು ಹೋದದ್ದು ಜೂಜಾಡಲು ಖಂಡಿತ ಅಲ್ಲ. ಮುಲುಂಡಿನ ನಮ್ಮ ಬಿಲ್ಡಿಂಗಿನವರು ಕೆಲವರು ಸೇರಿ ಅಮೆರಿಕದ ಟೂರು ಗೊತ್ತುಮಾಡಿದ್ದರು. ಬೇಸಿಗೆಯಲ್ಲಿ ವೇಗಸ್ಸು ಬಹಳ ಅಗ್ಗ ಎಂದಿದ್ದರು. ಯಾಕೆ ಅಗ್ಗ ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಬಸ್ಸಿನ ಬಾಗಿಲು ತೆರೆದಾಗ. ತಂದೂರಿನ ಬಾಯಿಗೆ ಮುಖ ಒಡ್ಡಿದ ಹಾಗಾಯಿತು. ಮುಂಬಯಿಯ ಸೆಕೆ ನಮ್ಮನ್ನು ನೆನೆಸಿ ಬಿಡುತ್ತದೆ, ಇಲ್ಲಿಯದು ಹುರಿದೇ ಬಿಡುತ್ತದೆ. ನನ್ನ ಹೆಂಡತಿ ವಸಂತಿ ತಲೆಗೆ ಹಾಕಿಕೊಳ್ಳಲೆಂದು ಬೈರಾಸನ್ನು ಒದ್ದೆ ಮಾಡಿದ್ದಳು. ರಸ್ತೆ ದಾಟುವುದರೊಳಗೆ ಅದು ಒಣಗಿ ಗರಿಗರಿಯಾಯಿತು. ಮುಲುಂಡಿನ ಮಳೆಗಾಲದಲ್ಲಿ ಫ್ಯಾನಿನಡಿ ಬಟ್ಟೆ ಹರವಿ ಸಾಕಾದವಳು ಅವಳು. ನಡುರಸ್ತೆಯಲ್ಲೇ ನಿಂತು, "ಛೆ, ಇಷ್ಟು ಒಳ್ಳೆ ಬಿಸಿಲು ಸುಮ್ಮನೆ ದಂಡ ಆಗ್ತಾ ಉಂಟಲ್ಲ ಮಾರಾಯ್ರೆ! ಒಂದು ಚಾಪೆ ಹಪ್ಪಳ ಹಾಕಬಹುದಿತ್ತು" ಎಂದು ಮರುಗಿದಳು. ಟೂರಿನ ಉಸ್ತುವಾರಿಗೆ ಬಂದಿದ್ದ ಸಮೀರ್ ಎಂಬ ಮರಾಠಿ ಹುಡುಗ, "ಕಾಕಾ, ಕಾಕೂ, ಆಧೀ ಆತ್ ಚಲಾ" ಎಂದು ನಮ್ಮನ್ನೆಲ್ಲ ಒಳಗೆ ತಳ್ಳಿದ. ಒಳಗೆ ಎಂದರೆ ಕ್ಯಾಸಿನೊ. ಸಂಜೆ ಬಿಸಿಲು ಇಳಿದ ಮೇಲೆ ಬಸ್ಸು ಬರುತ್ತದೆ, ಅಲ್ಲಿಯವರೆಗೆ ತಣ್ಣಗೆ ತಿರುಗಾಡಿ ಎಂದ.

ನಾನು ಜೂಜಿನ ಯಂತ್ರಗಳನ್ನು ನೋಡಲಿಲ್ಲ, ಕುರ್ಚಿಗಳನ್ನು ನೋಡಿದೆ. ವೃತ್ತಿಯವನ ಕಣ್ಣು ಹೋಗುವುದು ಅಲ್ಲಿಗೇ. ಬೆನ್ನಿಗೆ ಮೆತ್ತೆ, ಕೈಗೆ ಮೆತ್ತೆ, ಕಾಲಿಡಲು ಸರಳು. ಗೋಡೆಯಲ್ಲಿ ಗಡಿಯಾರವಿಲ್ಲ, ಕಿಟಕಿಯಿಲ್ಲ, ಹೊರಗೆ ಹಗಲೋ ರಾತ್ರಿಯೋ ತಿಳಿಯುವಂತಿಲ್ಲ. ಮೇಲಾಗಿ ಆಡುತ್ತಾ ಕೂತವರಿಗೆ ಪುಕ್ಕಟೆ ಪಾನೀಯ! ನಾವು ಬಸ್ರೂರಿನ ಅಡಿಗೆಭಟ್ಟರನ್ನು ಕರೆಸಿ ಬಡಿಸಿದರೂ ಉಂಡವನು ಬೇಗ ಏಳಲಿ ಎಂದು ಬಯಸುತ್ತೇವೆ, ಇವರು ಒಂದು ತುತ್ತು ಅನ್ನ ಹಾಕದೆ ಏಳದಂತೆ ಮಾಡುತ್ತಾರೆ. ನನ್ನ ವಿದ್ಯೆಯನ್ನು ಯಾರೋ ತಲೆಕೆಳಗು ಮಾಡಿ ಕಲಿತಿದ್ದರು. ಮೆಚ್ಚುತ್ತಾ ತಿರುಗಿ ನೋಡಿದರೆ ವಸಂತಿ ಪಕ್ಕದಲ್ಲಿಲ್ಲ. ದೂರದಲ್ಲಿ ಒಂದು ಯಂತ್ರದ ಮುಂದೆ, ಮಡಿಲಲ್ಲಿ ಪರ್ಸು ಇಟ್ಟುಕೊಂಡು, ಮಿನುಗುವ ಚಿತ್ರಗಳಲ್ಲೇ ಕಣ್ಣು ನೆಟ್ಟು ಕೂತಿದ್ದಳು.

ಜೂಜಿಗೇ ಕೂತಳೆಂದು ತಿಳಿದೆ. ದೀಪಾವಳಿಯ ಇಸ್ಪೀಟಿನಲ್ಲಿ ಸಹ ಸೋತು ಏಳುವ ಜಾಯಮಾನ ಅವಳದಲ್ಲ. "ಹೋಗುವಾ?" ಎಂದೆ. "ನೀವು ನೋಡಿ ಬನ್ನಿ, ನಾನು ಇಲ್ಲೇ ಇರ್ತೇನೆ" ಎಂದಳು. ಒಂದು ಸುತ್ತು ಹಾಕಿ ಬಂದೆ, ಇನ್ನೊಂದು ಸುತ್ತೂ ಹಾಕಿದೆ, ಅವಳು ಅಲ್ಲಾಡಿರಲಿಲ್ಲ. ಬಾಯಲ್ಲಿ ಹೇಳಿದರೆ ಬಿಲ್ಡಿಂಗಿನವರ ಮುಂದೆ ಜಗಳವಾದೀತು. ಆದ್ದರಿಂದ ಜೇಬಿನಿಂದ ಕರ್ಚೀಫು ತೆಗೆದು ಅವಳ ಮುಂದಿನ ಯಂತ್ರವನ್ನು ಒರೆಸತೊಡಗಿದೆ. ಮೊದಲು ಗುಂಡಿಗಳು, ಆಮೇಲೆ ಅವಳ ಮೊಣಕೈಯ ಸುತ್ತ. ಅವಳು ಏಳಲಿಲ್ಲ. ಆ ಕಡೆ ಕೂತಿದ್ದ ಬಿಳಿಯ ಅಜ್ಜಿಯೊಬ್ಬಳು ನನ್ನ ಕೈಗೆ ಖಾಲಿ ಲೋಟ ಕೊಟ್ಟು "ಥ್ಯಾಂಕ್ಯೂ" ಎಂದಳು. ನಾನು ಅಭ್ಯಾಸಬಲದಿಂದ ಅದನ್ನು ಒಯ್ದು ಕೌಂಟರಿನಲ್ಲಿಟ್ಟು ಬಂದೆ.

"ನಿಮಗೆ ಎಂಥ ಆಗಿದೆ ಮಾರಾಯ್ರೆ?" ಎಂದಳು ವಸಂತಿ.

"ಎಷ್ಟು ಹಾಕಿದೆ ಇದಕ್ಕೆ? ಸತ್ಯ ಹೇಳು."

"ಎಂಥದ್ದು ಹಾಕುದು? ಒಂದು ಪೈಸೆ ಹಾಕ್ಲಿಲ್ಲ. ಅದು ಅದರಷ್ಟಕ್ಕೆ ಮಿನುಗ್ತಾ ಉಂಟು, ನಾನು ನನ್ನಷ್ಟಕ್ಕೆ ಕೂತಿದ್ದೇನೆ." ಆಮೇಲೆ ಅವಳು ಕುರ್ಚಿಗೆ ಇನ್ನಷ್ಟು ಒರಗಿ ಹೇಳಿದಳು: "ಮನೆಯಲ್ಲಿ ಕೂತ್ರೆ ಕುಕ್ಕರ್ ಕೂಗ್ತದೆ. ಲೇಡೀಸ್ ಡಬ್ಬದಲ್ಲಿ ಕೂತ್ರೆ ಮುಲುಂಡಿನಲ್ಲಿ ಇಳಿಲಿಕ್ಕೆ ಭಾಂಡುಪ್ ಬರುವಾಗಲೇ ಎದ್ದು ಬಾಗಿಲಿಗೆ ಹೋಗ್ಬೇಕು. ನಿಮ್ಮ ಹೋಟೆಲಿಗೆ ಬಂದ್ರೆ ಅರ್ಧ ದೋಸೆ ಆಗುವಾಗ ನೀವೇ ಬಂದು, ಪಾರ್ಟಿ ನಿಂತಿದೆ, ಬೇಗ ಬೇಗ ಅಂತ ಹೇಳ್ತೀರಿ. ಇಲ್ಲಿ ಬಂದು ಇಷ್ಟು ಹೊತ್ತಾಯ್ತು, ಒಬ್ಬರೂ ಏಳು ಅಂತ ಹೇಳ್ಲಿಲ್ಲ. ಹೇಳಿದ್ದು ನೀವೊಬ್ಬರೇ."

ನನಗೆ ಪಿಚ್ಚೆನಿಸಿತು. ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ಬಹಳ ಹಿತವಾಗಿತ್ತು. ಹೊರಗೆ ಮರುಭೂಮಿ ಉರಿಯುತ್ತಿತ್ತು, ಒಳಗೆ ಗಂಡ ಹೆಂಡತಿ ಇಬ್ಬರೂ ಕೆಲಸವಿಲ್ಲದೆ ಅಕ್ಕಪಕ್ಕ ಕೂತಿದ್ದೆವು. ಹೀಗೆ ಹಿಂದೆಂದಾದರೂ ಕೂತದ್ದು ನೆನಪಾಗಲಿಲ್ಲ.

ಅಷ್ಟರಲ್ಲಿ ಕ್ಯಾಸಿನೊದ ಕಪ್ಪು ಕೋಟಿನವನೊಬ್ಬ ಬಂದ. ಸ್ವಲ್ಪ ಬಗ್ಗಿ, ತುಂಬು ನಗೆ ನಕ್ಕು, ನಾವು ಆಡುತ್ತಿದ್ದೇವೆಯೇ, ತನ್ನಿಂದ ಏನಾದರೂ ಸಹಾಯ ಬೇಕೇ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದ. ಆ ನಗು, ಆ ಮೆತ್ತಗಿನ ದನಿ! ದೇಶ ಯಾವುದಾದರೇನು, ಅದರ ಅರ್ಥ 'ಇನ್ನು ಏಳಿ' ಎಂದು ನನಗಲ್ಲದೆ ಇನ್ನಾರಿಗೆ ತಿಳಿಯಬೇಕು? ವೃತ್ತಿಬಾಂಧವನ ಕಷ್ಟ ನೋಡಲಾರದೆ ನಾನು ಥಟ್ಟನೆ ಎದ್ದು ನಿಂತೆ. ವಸಂತಿ ಏಳಲಿಲ್ಲ. ಕಾಲನ್ನು ಇನ್ನೊಂದು ಚೂರು ಮುಂದೆ ಚಾಚಿ, ಅವನಿಗಿಂತಲೂ ಚೆನ್ನಾಗಿ ನಕ್ಕು, "ಒನ್ ಟೀ. ಶುಗರ್ ಕಮ್" ಎಂದಳು.

ಸಕ್ಕರೆ ಕಡಿಮೆ ಎಂದದ್ದು ಅವನಿಗೆ ಅರ್ಥವಾಗಲಿಲ್ಲ. ನನಗಾಯಿತು. ಚಹಾ ಎಲ್ಲಿ ಸಿಗುತ್ತದೆಂದು ಅವನನ್ನೇ ಕೇಳಿಕೊಂಡು ಹೊರಟೆ.