ರಾಮಶ್ರೀ ಭಾಬಿಯ ಎಡಗೈ

"ಇದು ನನ್ನ ಕೈಯಲ್ಲೇ ಆಗಬೇಕಿತ್ತಾ?"

ಬಳೆಗಾರ ಛುಟ್ಟನ್ ಮಿಯಾ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಕೂತಿದ್ದ ರಾಮಶ್ರೀ ಭಾಬಿ ಬಾಗಿಲ ಕಡೆ ಮುಖ ತಿರುಗಿಸಿ ಹಾಲಿನವನ ಜೊತೆ ಜಗಳ ಹಚ್ಚಿಕೊಂಡಿದ್ದಳು. ಅವಳ ಎಡಗೈ ಮಾತ್ರ ಬಳೆಗಾರನ ಬುಟ್ಟಿಯ ಅಂಚಿನ ಮೇಲಿತ್ತು. ಆ ಕೈಯಲ್ಲಿ ಒಂದೂ ಬಳೆ ಇರಲಿಲ್ಲ.

ಫಿರೋಜಾಬಾದಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಕಟ್ಟಳೆ: ಗಂಡನಿರುವ ಹೆಣ್ಣಿಗೆ ಹೊಸ ಬಳೆ ತೊಡಿಸುವಾಗ ಹಳೆಯದೊಂದನ್ನು ಕೈಯಲ್ಲೇ ಉಳಿಸಿ, ಹೊಸತು ಏರಿದ ಮೇಲೆ ಅದನ್ನು ಇಳಿಸಬೇಕು. ರೆಪ್ಪೆ ಬಡಿಯುವಷ್ಟು ಹೊತ್ತು ಕೈ ಬರಿದಾದರೂ ಗಂಡನ ಪ್ರಾಣಕ್ಕೆ ಕುತ್ತು ಬಂತೆಂದೇ ಅರ್ಥ. ಛುಟ್ಟನ್ ಒಂದನ್ನು ಉಳಿಸಿಯೇ ಇದ್ದ. ಆದರೆ "ಇದು ಹಾಲೋ, ಕೆರೆ ನೀರೋ?" ಎಂದು ಭಾಬಿ ಕೈ ಝಾಡಿಸಿದ ರಭಸಕ್ಕೆ, ಏರುತ್ತಿದ್ದ ಹೊಸ ಬಳೆ ಹಳೆಯದಕ್ಕೆ ಬಡಿದು ಎರಡೂ ಒಟ್ಟಿಗೆ ಚಟ್ಟೆಂದವು. ಹೊಸತು ಬೆಸುಗೆಯಲ್ಲೇ ಬಿಟ್ಟಿತ್ತು. ಬೆಸೆದವಳು ಅವನ ಹೆಂಡತಿ ಸಕೀನಾ. ಉರಿಯ ಮುಂದೆ ಕೂತು ಬಳೆಯ ಎರಡು ತುದಿ ಕೂಡಿಸುವಾಗ ಉಸಿರು ಬಿಗಿಹಿಡಿಯಬೇಕು. ಅವಳು ನಿನ್ನೆ ಇಡೀ ದಿನ ಗಂಡನನ್ನು ಬಯ್ಯುತ್ತ ಬೆಸೆದಿದ್ದಳು.

ಇನ್ನು ಭಾಬಿಯ ಗಂಡನೆಂದರೆ ಭೂರೇಸಿಂಗ್ ಪೈಲ್ವಾನ್. ಭುಜದ ಮೇಲೆ ನೇರವಾಗಿ ತಲೆಯನ್ನೇ ಇಟ್ಟಂತಿದ್ದ, ಕುತ್ತಿಗೆಗೆ ಜಾಗವೇ ಇಲ್ಲದ ಆಳು. ಅದೇ ದಿನ ಮಧ್ಯಾಹ್ನ ಅವನ ಕುಸ್ತಿ.

ಛುಟ್ಟನ್ ಮನಸ್ಸಿನಲ್ಲೇ ಅಲ್ಲಾಹನನ್ನು ನೆನೆಯುತ್ತ, ಚೂರುಗಳನ್ನು ಕಾಲಡಿ ಸರಿಸಿ, ಸರಸರನೆ ಕೈತುಂಬ ಬಳೆ ತೊಡಿಸಿದ. ಭಾಬಿ ತಿರುಗಿದಳು.

"ಅಬ್ಬಾ, ಇಷ್ಟು ಬೇಗ! ಯಾಕೋ ಅವಸರ? ಮನೇಲಿ ಸಕೀನಾ ಬಯ್ತಾಳಾ?"

"ಹೂಂ ಭಾಬಿ, ಅಂಥದ್ದೇ."

"ಸಂಜೆ ಬಾ. ಒಂದು ಸಿಹಿ ಸುದ್ದಿ ಇದೆ. ಈಗ್ಲೇ ಕೇಳ್ಬೇಡ, ಅಲ್ಲಿ ತನಕ ಬಾಯಿ ಬಿಡೋ ಹಾಗಿಲ್ಲ."

ಅವಳು ಸೆರಗು ತಲೆಗೆಳೆದು ಹರಸೆಂದು ಬಾಗಿದಳು. "ನಿನ್ನ ಮುತ್ತೈದೆತನ..." ಎಂದವನು ಹರಸುವುದನ್ನು ಅರ್ಧಕ್ಕೇ ಬಿಟ್ಟು ಎದ್ದ. ಬುಟ್ಟಿ ಎತ್ತಿಕೊಂಡು ಗಲ್ಲಿಗಿಳಿದ.

"ಛುಟ್ಟನ್..."

ಎದುರು ಮನೆಯ ಕಟ್ಟೆಯಲ್ಲಿ ಬತಾಶೋ ಬುವಾ ಉದ್ದಿನ ಸಂಡಿಗೆ ಇಡುತ್ತಿದ್ದಳು. ಇಡೀ ಗಲ್ಲಿಗೆ ಅವಳು ಬುವಾ, ಅಂದರೆ ಸೋದರತ್ತೆ. ಬುವಾ ಜೋರಾಗಿ ಕೂಗಿದರೆ ಹೆದರಬೇಕಿಲ್ಲ. ಮೆಲ್ಲಗೆ ಕರೆದರೆ ಕತೆ ಮುಗಿದಂತೆ.

"ನಾನು ನೋಡ್ದೆ ಕಣೋ."

"ಬುವಾ, ನೀವೇನೂ ನೋಡಿಲ್ಲ."

"ಎರಡು ಕಣ್ಣಲ್ಲೂ ನೋಡಿದೀನಿ. ಬೋಳು ಮಣಿಕಟ್ಟು!"

ಛುಟ್ಟನ್ ಬುಟ್ಟಿಯ ತಳದಿಂದ ಚಿನ್ನದ ಗೆರೆಯ ಹಸಿರು ಬಳೆಗಳನ್ನು ತೆಗೆದ. ಬುವಾ ಎರಡೂ ಕೈ ಚಾಚಿದಳು. ಈ ಸಲ ಅವನು ಹಳೆಯದೊಂದನ್ನು ಉಳಿಸಿ, ಹೊಸತು ಏರಿಸಿ, ಆಮೇಲೆ ಹಳೆಯದನ್ನು ಇಳಿಸಿದ. ಹೂವಿನ ಮೇಲಿನ ಇಬ್ಬನಿ ತೆಗೆಯುವವನ ಹಾಗೆ.

"ಈಗ ಬುವಾ?"

"ಈಗ ಸ್ವಲ್ಪ ಮಸುಕು ಮಸುಕು ಕಾಣ್ತಿದೆ."

"ಆಣೆ ಮಾಡಿ."

ಬುವಾ ಎರಡೂ ಕೈಯ ಬಳೆಗಳನ್ನು ಕಣ್ಣಿಗೊತ್ತಿಕೊಂಡಳು. "ನಮ್ಮ ಯಜಮಾನರ ಮೇಲಾಣೆ. ಈ ಬಳೆ ನನ್ನ ಕೈಲಿರೋ ತನಕ ಬಾಯಿ ಬಿಡಲ್ಲ. ಸರೀನಾ? ಆದ್ರೂ ಪಾಪ, ಪೈಲ್ವಾನ... ಎದುರಾಳಿ ಆ ಶಿಕೋಹಾಬಾದಿನ ತೇಜ್‌ವೀರ ಅಂತೆ. ಮೂಳೆ ಮುರಿದ್ರೆ ಸದ್ದು ಮೂರು ಗಲ್ಲಿಗೆ ಕೇಳ್ಸತ್ತಂತೆ. ನೀನೇನೂ ಹೆದರ್ಕೋಬೇಡಪ್ಪ."

ಛುಟ್ಟನ್ ಕಾಲು ತಾನಾಗಿಯೇ ಓಡತೊಡಗಿತು. ಗಲ್ಲಿಯ ತುಂಬ ಬಳೆ ಹೊತ್ತ ತಳ್ಳುಗಾಡಿಗಳು. ಒಂದೊಂದು ಗಾಡಿಯ ಝಣ್ ಎನ್ನುವ ಸದ್ದಿಗೂ ಪೈಲ್ವಾನನ ಒಂದೊಂದು ಪಕ್ಕೆಲುಬು ಹೋದಂತೆ ಅವನು ಬೆಚ್ಚಿಬಿದ್ದ. ಪೈಲ್ವಾನ ಸತ್ತರೆ ಆ ಪಾಪ ತನ್ನ ತಲೆಗೆ. ಸಾಯದೆ ವಿಷಯ ತಿಳಿದುಕೊಂಡರೆ ತನ್ನ ತಲೆಯೇ ಇಲ್ಲ.

ಅಖಾಡದ ಹಿಂದೆ ಬೇವಿನ ಮರದಡಿ ತೇಜ್‌ವೀರ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ತೊಡೆಯೊಂದೊಂದೂ ಛುಟ್ಟನ್‌ನಷ್ಟಿತ್ತು. ಛುಟ್ಟನ್ ಹೋಗಿ ಅವನ ಕಾಲೇ ಹಿಡಿದ.

"ಬೇಟಾ, ಇವತ್ತು ನೀನು ಬೀಳ್ಬೇಕು."

"ಏನು?"

"ಬಿದ್ದುಬಿಡು. ಭೂರೇಸಿಂಗ್ ಉಸ್ತಾದರ ಮೈಗೆ ಒಂದು ಗೀರೂ ಆಗ್ಬಾರ್ದು. ಆ ಮನೆಯ ಹೆಣ್ಣುಮಗಳ ಬಳೆ ನಿನ್ನ ಕೈಲಿದೆ!"

ತೇಜ್‌ವೀರ ಅತ್ತಿತ್ತ ನೋಡಿದ. "ಅವರ ಮನೆಯಿಂದ ಹೇಳಿ ಕಳಿಸಿದ್ರಾ?"

ಛುಟ್ಟನ್ ಅವನ ಕಾಲು ಬಿಡಲಿಲ್ಲ. "ಅಲ್ಲಿಂದಲೇ ಬಂದೆ," ಎಂದ. ಅಷ್ಟು ಮಾತು ಸುಳ್ಳಲ್ಲ.

"ನಿನ್ನೆ ಬೇರೆ ಥರ ಹೇಳಿದ್ರು... ಇರ್ಲಿ, ಆ ಮನೆಯವರ ಮಾತು ನಾನು ಮೀರಲ್ಲ," ಎಂದ ಆ ಗೂಳಿಯಂಥ ಹುಡುಗ, ಮದುಮಗಳ ಹಾಗೆ ತಲೆ ತಗ್ಗಿಸಿ. ಇವನು ಯಾಕೆ ನಾಚುತ್ತಾನೆಂದು ಯೋಚಿಸುವ ವ್ಯವಧಾನ ಛುಟ್ಟನ್‌ಗೆ ಇರಲಿಲ್ಲ.

ಡೋಲು ಬಡಿಯಿತು. ಅಂಥ ಕುಸ್ತಿಯನ್ನು ಊರು ಹಿಂದೆ ನೋಡಿರಲಿಲ್ಲ. ಭೂರೇಸಿಂಗ್ ಕೈ ಕೊಟ್ಟವನೇ ಅಯ್ಯೋ ಎಂದು ಜಾರಿದ. ಅವನ ಬೆನ್ನು ಮಣ್ಣು ಮುಟ್ಟುವ ಮೊದಲೇ ತೇಜ್‌ವೀರ ಅವನನ್ನು ತಾಯಿಯಂತೆ ಎತ್ತಿ ನಿಲ್ಲಿಸಿ, ತಾನು ಪಕ್ಕದಲ್ಲಿ ಉರುಳಿದ. ಪೈಲ್ವಾನ ಅವನನ್ನೆಳೆದು ತನ್ನ ಮೈಮೇಲೆ ಹಾಕಿಕೊಳ್ಳಲು ನೋಡಿದ. ಹುಡುಗ ಮೀನಿನಂತೆ ನುಣುಚಿ ಕೆಳಗೆ ಹೋದ. ಮದುವೆಯೂಟದಲ್ಲಿ "ನೀವು ಮೊದಲು ಕೂತ್ಕೊಳ್ಳಿ, ನೀವು ಮೊದಲು" ಎಂದು ಉಪಚಾರ ಮಾಡುವವರ ಹಾಗೆ ಇಬ್ಬರೂ ಮಣ್ಣಿನ ಮೇಲೆ ಹೊರಳಾಡಿದರು. ಜನ ಬಾಯಿ ತೆರೆದು ನಿಂತರು. ಛುಟ್ಟನ್ ಕಣ್ಣು ಮುಚ್ಚಿ, ಬಾಯಿಪಾಠವಿದ್ದ ಪ್ರಾರ್ಥನೆಗಳೆಲ್ಲ ಮುಗಿದು ಮತ್ತೆ ಮೊದಲಿಂದ ಶುರುಮಾಡಿದ. ಕಡೆಗೆ ತೇಜ್‌ವೀರ ತನ್ನ ಕಾಲಿಗೆ ತಾನೇ ಎಡವಿ ಅಂಗಾತ ಬಿದ್ದ. ಪೈಲ್ವಾನ ಅವನ ಮೇಲೆ ಮುಗ್ಗರಿಸಿದ. ಪಂಚರು ಭೂರೇಸಿಂಗನ ಕೈಯೆತ್ತಿದರು.

"ಯಾ ಅಲ್ಲಾ, ಉಳಿಸಿದೆ!" ಎಂದು ಛುಟ್ಟನ್ ಬುಟ್ಟಿ ಸಮೇತ ಕುಣಿದ.

ಕುಣಿದವನು ಅವನೊಬ್ಬನೇ. ಗೆದ್ದ ಪೈಲ್ವಾನನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಅಖಾಡದ ಬದಿಗೆ ನಿಲ್ಲಿಸಿದ್ದ ಎತ್ತಿನ ಗಾಡಿಯಲ್ಲಿ ತೇಜ್‌ವೀರನ ಅಜ್ಜಿ ಎದ್ದುನಿಂತಳು.

"ನಿನ್ನೆ ರಾತ್ರಿ ಮದುವೆ ನಿಶ್ಚಯ ಮಾಡ್ಕೊಂಡಾಗ ಏನು ಮಾತಾಗಿತ್ತು ಭೂರೇಸಿಂಗ್? ಮಾವ ಸೋತು ಅಳಿಯನ ಮಾನ ಉಳಿಸ್ತಾನೆ ಅಂತ ತಾನೆ? ನನ್ನ ಮೊಮ್ಮಗನ ಬೆನ್ನಿಗೆ ಮಣ್ಣು ಹತ್ತಿಸಿದ ಮನೆ ಹೆಣ್ಣು ನಮಗೆ ಬೇಡ!"

ಗಾಡಿ ಹೊರಳಿಕೊಂಡಿತು. ಪೈಲ್ವಾನ ಹುಡುಗನ ಭುಜ ಹಿಡಿದು ಅಲುಗಿಸಿದ. "ಬೀಳು ಅಂತ ನಿನಗೆ ಯಾರೋ ಹೇಳಿದ್ದು?"

"ನೀವೇ ಹೇಳಿ ಕಳಿಸಿದ್ರಲ್ಲ ಮಾವ," ಎಂದ ತೇಜ್‌ವೀರ, ಬೆರಳು ಛುಟ್ಟನ್ ಕಡೆ ಚಾಚಿ.

ಮುಂದಿನದು ಛುಟ್ಟನ್‌ಗೆ ಸರಿಯಾಗಿ ನೆನಪಿಲ್ಲ. ಬುಟ್ಟಿ ಕೆಳಗೆ ಬಿತ್ತು. ಅದರ ಮೇಲೆ ಅರ್ಧ ಊರು ನಡೆಯಿತು. ಚೂರು ತುಂಬಿದ ಬುಟ್ಟಿಯನ್ನು ಅಪ್ಪಿಕೊಂಡಿದ್ದ ಅವನನ್ನು ಕೊರಳಪಟ್ಟಿ ಹಿಡಿದು ಗಲ್ಲಿಗೆ ತಂದು ನಿಲ್ಲಿಸಲಾಯಿತು. ಭಾಬಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

"ನನ್ನ ಮಗಳ ಸಂಬಂಧ ಮುರಿಯೋಕೆ ಯಾರು ಕಳಿಸಿದ್ದು ನಿನ್ನ? ಬೊಗಳು!" ಎಂದು ಪೈಲ್ವಾನ ಗುಡುಗಿದ.

"ಯಾರೂ ಇಲ್ಲ ಉಸ್ತಾದ್! ಬೆಳಿಗ್ಗೆ ಭಾಬಿಯ ಎಡಗೈ... ಬಳೆ... ಒಂದು ಗಳಿಗೆ ಬರಿದಾಯ್ತು. ನಿಮ್ಮ ಪ್ರಾಣಕ್ಕೆ ಏನಾಗತ್ತೋ ಅಂತ ಹೆದರಿ ಹೋಗಿದ್ದು. ದೇವರಾಣೆ!"

"ಸುಳ್ಳು! ನನ್ನ ಕೈ ಬರಿದಾದ್ರೆ ನನಗೆ ಗೊತ್ತಾಗಲ್ವಾ?" ಎಂದಳು ಭಾಬಿ.

"ಸಾಕ್ಷಿ ಇದೆ! ಬುವಾ ನೋಡಿದಾರೆ!"

ಎಲ್ಲರೂ ಎದುರು ಕಟ್ಟೆಯ ಕಡೆ ತಿರುಗಿದರು. ಪೈಲ್ವಾನ ಹಿಡಿತ ಕೊಂಚ ಸಡಿಲಿಸಿದ. ಬುವಾ ಸಂಡಿಗೆ ತಿರುಗಿಸಿ ಹಾಕುತ್ತಲೇ ಇದ್ದಳು. ಛುಟ್ಟನ್ ಅವಳ ಮುಂದೆ ಮಂಡಿಯೂರಿ ಪಿಸುಗುಟ್ಟಿದ.

"ಬುವಾ, ನಿಮ್ಮ ಕಾಲಿಗೆ ಬೀಳ್ತೀನಿ. ಹೇಳಿಬಿಡಿ. ಆಣೆ ಬೇಡ, ಬಳೆ ತೆಗೆದಿಟ್ಟು ಹೇಳಿ."

"ತೆಗೀತೀನಿ," ಬುವಾ ಕೂಡ ಪಿಸುಗುಟ್ಟಿದಳು. "ಮೊದ್ಲು ಬದಲಿಗೆ ಒಂದು ತೊಡಿಸು."

ಛುಟ್ಟನ್ ಬುಟ್ಟಿಯೊಳಗೆ ಕೈಹಾಕಿದ. ಇಡಿಯಾದ ಬಳೆ ಒಂದೂ ಸಿಗಲಿಲ್ಲ, ಬೆರಳಿಗೆ ಚೂರು ಚುಚ್ಚಿತು.

ಬುವಾ ಹಸಿರು ಬಳೆಗಳ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಗಲ್ಲಿಗೆಲ್ಲ ಕೇಳುವಂತೆ ಅಂದಳು:

"ಏನೋ ಇದು, ಬಳೆ ಬಿಚ್ಚು ಅಂತೀಯಾ! ನಮ್ಮ ಯಜಮಾನರು ಇನ್ನೂ ಗಟ್ಟಿಮುಟ್ಟಾಗಿದಾರೆ. ನಾನು ಹೇಳಲ್ಲ ಅಂದ್ರೆ ಹೇಳಲ್ಲ!"