ಹಿಂದಿನ ಬೋಗಿಯಲ್ಲಿ ಬುತ್ತಿ

ದಾರಿಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾವು ನೆಲೆಸಿದ್ದ ಸ್ಯಾನ್ ರಮೋನಿನ ಫ್ರೀವೇಯಲ್ಲಿ ನಮ್ಮವರು ಕಾರು ಓಡಿಸುತ್ತಿದ್ದರು, ಪಕ್ಕದ ಸೀಟಿನಿಂದ ನಾನು ಅವರನ್ನು ಓಡಿಸುತ್ತಿದ್ದೆ. ಅವರು ಎಕ್ಸಿಟ್ ತಪ್ಪಿಸಿದಾಗಲೆಲ್ಲ "ನಾನು ಹೇಳ್ಲಿಲ್ವಾ?" ಎಂದು ನಾನು ಶುರುಮಾಡಿದರೆ ಮನೆ ಮುಟ್ಟುವವರೆಗೂ ಮಂಗಳಾರತಿ. ಅವರದು ಒಂದೇ ಉತ್ತರ: "ಬಂದದ್ದ ನಮ್ಮೂರು ಅನ್ಕೋ. ನಡಿ, ಚಾ ಕುಡಿಯೂಣು."

ನಿವೃತ್ತಿಯಾದ ಮೇಲೆ ಸಾಲ್ಸ್‌ಬರ್ಗಿನ ಕೋಟೆ ನೋಡಬೇಕೆಂದು ಅವರಿಗೆ ಆಸೆ. ನಿವೃತ್ತಿ ಬಂತು, ಅದರ ಬೆನ್ನಿಗೇ ಹೃದಯಾಘಾತವೂ ಬಂತು. ಅವರ ಬದಲು ನಾನಾದರೂ ನೋಡೋಣವೆಂದು ಈ ವರ್ಷ ಮ್ಯೂನಿಕ್‌ಗೆ ಹೋದೆ. ಅವರ ತಂಗಿ ವಿಮಲಾ ಸೊಸೆಯ ಬಾಣಂತನಕ್ಕೆಂದು ಧಾರವಾಡದಿಂದ ಅಲ್ಲಿಗೆ ಬಂದಿದ್ದಳು. ಕೂಸಿನ ಆರೈಕೆಯಲ್ಲೇ ದಿನಗಳು ಕಳೆದು, ಮರುದಿನವೇ ನನ್ನ ವಾಪಸು ವಿಮಾನ ಎನ್ನುವಂತಾಯಿತು. ಇರುವುದೊಂದೇ ದಿನದಲ್ಲಿ ಗಡಿ ದಾಟಿ, ಆಸ್ಟ್ರಿಯಾದ ಆ ಊರು ನೋಡಿ, ಸಂಜೆ ಕೂಸಿನ ಸ್ನಾನದ ಹೊತ್ತಿಗೆ ಮರಳಬೇಕು. "ನಾನಿದ್ದೀನಲ್ಲ, ಸುಮ್ನೆ ಬಾ" ಎಂದು ವಿಮಲಾಳನ್ನು ಹೊರಡಿಸಿದೆ.

ಸರಿಯಾದ ರೈಲನ್ನೇ ಹತ್ತಿದೆವು. ಸ್ವಲ್ಪ ಹೊತ್ತಿಗೆ ವಿಮಲಾ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಬೆಳ್ಳುಳ್ಳಿ ಚಟ್ನಿಪುಡಿ. ಘಮ ಬೋಗಿಯ ತುಂಬ ಹರಡಿತು. ಆಫೀಸಿನ ಮೈಕ್ರೋವೇವ್ ಎದುರು ನನ್ನ ಊಟದ ವಾಸನೆಗೆ ವರ್ಷಗಟ್ಟಲೆ ತಲೆತಗ್ಗಿಸಿ ನಿಂತ ನನಗೆ ಜೀವ ಬಾಯಿಗೆ ಬಂತು.

"ಮುಚ್ಚು ಮಾರಾಯ್ತಿ. ಹಿಂದಿನ ಬೋಗಿ ಖಾಲಿ ಇದೆ, ಅಲ್ಲಿ ತಿನ್ನೋಣ."

"ವೈನಿ, ಎಲ್ಲಾರೂ ಮುಂದ ಕೂತಾರ. ಹಿಂದ ಯಾಕ ಖಾಲಿ ಅದ?"

"ನಮ್ಮ ಪುಣ್ಯ."

ಮುಂದಿನ ನಿಲ್ದಾಣದಲ್ಲಿ ಇಳಿದು, ಡಬ್ಬಿ ಹಿಡಿದು ಓಡಿ, ಹಿಂದಿನ ಬೋಗಿ ಹತ್ತಿದೆವು. ಸ್ಪೀಕರಿನಲ್ಲಿ ಜರ್ಮನ್ ಭಾಷೆಯಲ್ಲಿ ಏನೋ ಹೇಳಿದರು. ನಾವು ಚಟ್ನಿಪುಡಿಗೆ ಎಣ್ಣೆ ಕಲಸುತ್ತಿದ್ದೆವು. ಆಮೇಲೆ ಟಿಕೆಟ್ ನೋಡಲು ಬಂದವನು ನಯವಾಗಿ ಇಂಗ್ಲಿಷಿನಲ್ಲಿ ತಿಳಿಸಿದ: ನಡುವಿನ ನಿಲ್ದಾಣದಲ್ಲಿ ರೈಲನ್ನು ಎಂದಿನಂತೆ ಎರಡಾಗಿ ಬಿಡಿಸಿದ್ದಾರೆ, ಮುಂದಿನದು ಸಾಲ್ಸ್‌ಬರ್ಗಿಗೆ ಹೋಗಿದೆ, ಇದು ಬೇರೆಡೆಗೆ.

ಗಡಿಯನ್ನೇನೋ ದಾಟಿದೆವು. ದೇಶ ಸರಿ, ಊರು ತಪ್ಪು. ಅಲ್ಲೂ ಗುಡ್ಡದ ಮೇಲೊಂದು ಕೋಟೆಯಿತ್ತು, ಆದರೆ ನಮ್ಮವರು ಆಸೆಪಟ್ಟ ಕೋಟೆಯಲ್ಲ. ಸಾಲ್ಸ್‌ಬರ್ಗಿಗೆ ಹೋದರೆ ಸಂಜೆ ಮನೆ ಸೇರುವಂತಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಅತ್ತೆ. ಅವರು ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಆ ದಿನವೆಲ್ಲ ಬರುವವರಿಗೆ ಫೋನಿನಲ್ಲಿ ಮನೆಯ ದಾರಿ ಹೇಳುವುದರಲ್ಲೇ ಕಳೆದಿತ್ತು.

ವಿಮಲಾ ಪಕ್ಕಕ್ಕೆ ಬಂದು ಕೂತಳು. ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು, "ಬಂದದ್ದ ನಮ್ಮೂರು ಅನ್ಕೋರಿ, ವೈನಿ. ನಡೀರಿ, ಚಾ ಕುಡಿಯೂಣು" ಎಂದಳು. ಅಣ್ಣನದೇ ಮಾತು, ಅಣ್ಣನದೇ ಧಾಟಿ.

ಕುಡಿದೆವು. ಬಿಸಿನೀರಿನಲ್ಲಿ ಪೊಟ್ಟಣ ಅದ್ದಿದ ಚಹಾ, ಅದಕ್ಕೆ ಹಾಲೂ ಇರಲಿಲ್ಲ.

ವಾಪಸು ರೈಲಿನಲ್ಲಿ ವಿಮಲಾ ಎದುರಿಗೆ ಕೂತು ನಿದ್ದೆಹೋದಳು. ಕಿಟಕಿಯಲ್ಲಿ ಆ ಕೋಟೆ ಮರೆಯಾಗುತ್ತಿದ್ದಂತೆ ನನಗೆ ಹಳೆಯ ಸಿಟ್ಟು ಬಂತು. "ನಾನು ಹೇಳ್ಲಿಲ್ವಾ?" ಎನ್ನಲು ಪಕ್ಕದ ಸೀಟಿನ ಕಡೆ ತಿರುಗಿದೆ. ಸೀಟಿನ ಮೇಲೆ ಖಾಲಿ ಡಬ್ಬಿ ಇತ್ತು. ದಾರಿ ತಪ್ಪಿಸಿದವಳು ನಾನು. ಬೈಸಿಕೊಳ್ಳುವವರು ಇರಲಿಲ್ಲ.